ವಿರೂಪಾಕ್ಷನ ಬಾಯಿ

ಮರಾಠಿ ಸೀಮೆಯ ಗಡಿಯೂರು ಉಮರ್ಗಾದ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ವಿರೂಪಾಕ್ಷ ನಲವತ್ತಾರನೆಯ ವಯಸ್ಸಿನಲ್ಲಿ ಕರಾಟೆ ಕಲಿಯಲು ಹೊರಟದ್ದಕ್ಕೆ ಕಾರಣ ಒಂದು ಟೆಂಪೋ.

ಟೆಂಪೋ ಎದುರುಮನೆಯ ಶಿವಾಜಿಯದು. ಮೂರು ವಾರದಿಂದ ಅದು ಗಿರಣಿಯ ಬಾಗಿಲಿಗೆ ಅಡ್ಡವಾಗಿ ನಿಂತಿತ್ತು. ಜೋಳದ ಡಬ್ಬಿ ಹೊತ್ತು ಬಂದ ಹೆಂಗಸರು ಟೆಂಪೋಗೂ ಗೋಡೆಗೂ ನಡುವಿನ ಸಂದಿಯಲ್ಲಿ ತೂರಿ ಒಳಗೆ ಬರಬೇಕು. ತೆಳ್ಳಗಿದ್ದವರು ತೂರಿದರು. ಉಳಿದವರು ಚೌಕದ ಆಚೆಯ ಗಿರಣಿಗೆ ಹೋದರು. ಆ ಗಲ್ಲಿಯಲ್ಲಿ ಉಳಿದವರೇ ಹೆಚ್ಚು.

ವಿರೂಪಾಕ್ಷ ಆಳಂದ ಕಡೆಯವನು. ಮದುವೆಯಾಗಿ ಮಾವನ ಗಿರಣಿ ನೋಡಿಕೊಳ್ಳಲು ಬಂದು ಹದಿಮೂರು ವರ್ಷ. ಧ್ವನಿ ಮೊದಲೇ ಸಣ್ಣದು, ಗಿರಣಿಗೆ ಬಂದ ಮೇಲೆ ಅದರ ಅಗತ್ಯವೂ ಬೀಳಲಿಲ್ಲ. ಮೋಟಾರು ತಿರುಗುವಾಗ ಯಾರು ಏನಂದರೂ ಕೇಳಿಸುವುದಿಲ್ಲ. ಗಿರಾಕಿಯ ತುಟಿ ಅಲುಗಿದ್ದು ಕಂಡರೆ ಇವನು ತಲೆಯಾಡಿಸುತ್ತಾನೆ. "ಸಣ್ಣಗ ಬೀಸು" ಅಂದಿರುತ್ತಾರೆ, ಇಲ್ಲವೇ "ಸಂಜಿಕ ಒಯ್ತೀನಿ" ಅಂದಿರುತ್ತಾರೆ. ಎರಡಕ್ಕೂ ತಲೆಯಾಡಿಸಿದರೆ ನಡೆಯುತ್ತದೆ. ಹೀಗಾಗಿ ಅವನ ಮರಾಠಿ ಅರ್ಧಕ್ಕೇ ನಿಂತಿತ್ತು. ಆ ಅರ್ಧದಲ್ಲಿ ಯಾವ ಶಬ್ದ ಮರಾಠಿ, ಯಾವುದು ಕನ್ನಡ ಎಂದು ಅವನು ವಿಚಾರಿಸಲು ಹೋಗಿರಲಿಲ್ಲ. ಆ ಊರಲ್ಲಿ ಯಾರೂ ವಿಚಾರಿಸುವುದಿಲ್ಲ.

ಆ ದಿನ ಬೆಳಿಗ್ಗೆ ಹೆಂಡತಿ ಜಗದೇವಿ ಚಹಾ ತಂದಿಟ್ಟು ಎದುರಿಗೆ ಕೂತಳು. ಅವಳು ಎದುರಿಗೆ ಕೂತರೆ ಚಹಾಕ್ಕೆ ರುಚಿ ಇರುವುದಿಲ್ಲ.

"ನಿನ್ನಿ ಎಷ್ಟ್ ಡಬ್ಬಿ ಬಂದ್ವು?"

"ಆರು."

"ಮೊದಲ ಎಷ್ಟ್ ಬರ್ತಿದ್ವು?"

ವಿರೂಪಾಕ್ಷ ಚಹಾ ಊದಿದ.

"ಮೂರು ವಾರ ಆಯ್ತು. ಆ ಶಿವಾಜಿಗಿ ಒಂದ್ ಮಾತ್ ಅನ್ಲಿಕ್ಕ ಬಾಯಿ ಇಲ್ಲೇನ್ರೀ ನಿಮಗ? ಮನುಷ್ಯಾಗ ಬಾಯಿ ಬೇಕ್ರೀ, ಬಾಯಿ. ಇವತ್ತು ಟೆಂಪೋ ಹೋಗ್ಬೇಕು. ನಾಳಿ ಮುಂಜಾನಿ ಅದು ಅಲ್ಲಿ ಕಾಣ್ತಂದ್ರ ಗಿರಣಿ ಕೀಲಿ ನನ್ನ ಕೈಯಾಗ ಕೊಡ್ರಿ. ನಾ ನಡಸ್ತೀನಿ. ನೀವು ದಾಳಿಂಬ ಊರಿಗಿ ಹೋಗಿ ನಮ್ಮಣ್ಣನ ಹೊಲದಾಗ ಹಂದಿ ಕಾಯ್ರಿ."

ಗಿರಣಿ ಅವಳಪ್ಪನದು. ಅವಳು ಅಂದದ್ದನ್ನು ಮಾಡುವವಳು. ಅಲ್ಲದೆ ಅವಳಣ್ಣನ ಹೊಲಕ್ಕೆ ನುಗ್ಗುವ ಹಂದಿಗಳನ್ನು ವಿರೂಪಾಕ್ಷ ಒಮ್ಮೆ ಅಟ್ಟಿ ನೋಡಿದ್ದ, ಅವೂ ಅವನ ಮಾತು ಕೇಳಿರಲಿಲ್ಲ.

ಚಿಂತೆ ಮಾಡುತ್ತ ಗಿರಣಿಯತ್ತ ಹೊರಟವನಿಗೆ ಶಾಲೆಯ ಮೈದಾನದಲ್ಲಿ ಅಂಬಾದಾಸ ಸರ್ ಅವರ ಕರಾಟೆ ಕ್ಲಾಸು ಕಂಡಿತು. ದಿನವೂ ಕಾಣುವುದೇ. ಇಂದು ಮಾತ್ರ ನಿಂತು ನೋಡಿದ. ಏಳು ವರ್ಷದ ಹುಡುಗಿಯೊಬ್ಬಳು ಮುಷ್ಟಿ ಮುಂದೆ ಚಾಚಿ ಹೊಟ್ಟೆಯೊಳಗಿಂದ ಒಂದು ಕೂಗು ಹಾಕಿದಳು. ಕಟ್ಟೆಯ ಮೇಲೆ ಮಲಗಿದ್ದ ನಾಯಿ ಎದ್ದು ಬೇರೆ ಕಡೆ ಹೋಗಿ ಮಲಗಿತು. ಅಷ್ಟು ಚಿಕ್ಕ ಹುಡುಗಿಯ ಕೂಗಿಗೆ ನಾಯಿ ಜಾಗ ಬಿಟ್ಟರೆ ತನ್ನ ಕೂಗಿಗೆ ಟೆಂಪೋ ಯಾಕೆ ಬಿಡಬಾರದು ಎಂದು ಅವನಿಗೆ ಅನ್ನಿಸಿತು. ಒದೆಯುವುದು, ಗುದ್ದುವುದು ಅವನಿಗೆ ಬೇಡ. ಆ ಕೂಗೊಂದು ಸಾಕು.

ಅಂಬಾದಾಸ ಸರ್ ಶಿಸ್ತಿನ ಮನುಷ್ಯರು, ಮಾತು ಪೂರಾ ಮರಾಠಿ. ಎಂಥ ವಯಸ್ಸಿನವರು ಬಂದರೂ ಫಾರ್ಮು ತುಂಬಿಸದೆ ಬಿಡುವವರಲ್ಲ. ಹೆಸರು, ವಯಸ್ಸು, ರಕ್ತದ ಗುಂಪು ಆದ ಮೇಲೆ ಪೆನ್ನು ಒಂದು ಕಡೆ ನಿಂತಿತು. ಕಲಿಯುವ ಕಾರಣ.

ಈ ಕಾಲಮ್ಮಿನಲ್ಲಿ ಎಲ್ಲರೂ ಸುಳ್ಳು ಬರೆಸುತ್ತಾರೆ ಎಂದರು ಸರ್. ಆತ್ಮರಕ್ಷಣೆ ಅನ್ನುತ್ತಾರೆ, ಆರೋಗ್ಯ ಅನ್ನುತ್ತಾರೆ, ಪೊಲೀಸ್ ಭರ್ತಿ ಅನ್ನುತ್ತಾರೆ. ಹದಿನೆಂಟು ವರ್ಷದಲ್ಲಿ ಒಬ್ಬಳೇ ಹುಡುಗಿ ನಿಜ ಬರೆಸಿದ್ದಳಂತೆ: ಅಣ್ಣನಿಗೆ ಹೊಡೆಯಬೇಕು. "ತುಮಚಂ ಖರಂ ಕಾರಣ ಸಾಂಗಾ," ಎಂದರು.

ನಿಜ ಹೇಳಬೇಕೆಂದು ವಿರೂಪಾಕ್ಷನಿಗೂ ಅನ್ನಿಸಿತು. "ಮಲಾ ಬಾಯಿ ನಾಹೀ," ಎಂದ. "ಬಾಯಿ ಪಾಯಿಜೆ."

ಮರಾಠಿಯಲ್ಲಿ ಬಾಯಿ ಎಂದರೆ ಹೆಂಗಸು. ತನಗೆ ಹೆಂಗಸಿಲ್ಲ, ಹೆಂಗಸು ಬೇಕು ಎಂದು ಕರಾಟೆ ಮಾಸ್ತರರ ಮುಂದೆ ಹೇಳಿದ್ದು ಅವನಿಗೆ ತಿಳಿಯಲೇ ಇಲ್ಲ.

ಮೊಮ್ಮಗಳನ್ನು ಬಿಡಲು ಬಂದು ಪಕ್ಕದಲ್ಲೇ ನಿಂತಿದ್ದ ಕಾಂತಾಬಾಯಿ ಸೆರಗು ಸರಿಮಾಡಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ಅವಳ ಹೆಸರಲ್ಲೂ ಬಾಯಿ ಇತ್ತು.

ಸರ್ ಕೆಮ್ಮಿ, ಮನೆಯಲ್ಲಿ ಇಲ್ಲವೇ ಎಂದು ಕೇಳಿದರು. ವಿರೂಪಾಕ್ಷ ಮನಸ್ಸು ಬಿಚ್ಚಿ ಹೇಳಿದ. ಮನೆಯಲ್ಲಿ ಒಂದು ಬಾಯಿ ಇದೆ, ಬಹಳ ದೊಡ್ಡದು, ಅದರ ಮುಂದೆ ತನ್ನದೇನೂ ನಡೆಯುವುದಿಲ್ಲ, ಅದಕ್ಕೇ ತನಗೆ ತನ್ನದೇ ಇನ್ನೊಂದು ಬೇಕಾಗಿದೆ.

ಸರ್ ಕಾರಣದ ಕಾಲಮ್ಮಿನಲ್ಲಿ 'ಬಾಯಿ' ಎಂದು ಬರೆದು ಕೆಳಗೆ ಗೆರೆ ಎಳೆದರು. ಇಂಥ ಕಾರಣಕ್ಕೆ ಮೊದಲು ಕಾಲು ದಣಿಸಬೇಕು ಎಂಬುದು ಅವರ ಅಭಿಪ್ರಾಯ. ಕುದುರೆ ಮೇಲೆ ಕೂತವರಂತೆ ಮಂಡಿ ಬಗ್ಗಿಸಿ ನಲವತ್ತು ನಿಮಿಷ ನಿಲ್ಲಿಸಿದರು. ಕೂಗುವುದು ಯಾವಾಗ ಎಂದು ಕೇಳಿದರೆ ಮೂರು ತಿಂಗಳ ನಂತರ ಎಂದರು. ವಿರೂಪಾಕ್ಷನ ಬಳಿ ಇದ್ದದ್ದು ಒಂದು ಹಗಲು.

ಅವನು ಗೋಡೆ ಹಿಡಿದು ಗಿರಣಿ ಮುಟ್ಟುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲು ಗಲ್ಲಿ ಮುಟ್ಟಿತ್ತು. ಹೆಂಗಸರ ವಾಟ್ಸಾಪ್ ಗುಂಪಿನಲ್ಲಿ ಕಾಂತಾಬಾಯಿ ಅದನ್ನು ಬರೆಯದೆ ಬಾಯಲ್ಲೇ ಹೇಳಿ ಕಳಿಸಿದ್ದಳು, ಎರಡು ನಿಮಿಷ ಹತ್ತು ಸೆಕೆಂಡು.

ಅಂದು ಗಿರಣಿಗೆ ಜನ ಬಂದರು. ಮೂರು ವಾರದಿಂದ ಸಂದಿಯಲ್ಲಿ ಹಿಡಿಸದಿದ್ದವರೂ ಹೇಗೋ ತೂರಿ ಬಂದರು. ಹಬ್ಬವಿಲ್ಲ, ಮದುವೆಯಿಲ್ಲ, ಮಧ್ಯಾಹ್ನಕ್ಕೆ ಇಪ್ಪತ್ತೆರಡು ಡಬ್ಬಿ. ಕರಾಟೆ ಸೇರಿದ್ದಕ್ಕೆ ಊರು ತನ್ನನ್ನು ಬೇರೆ ಕಣ್ಣಿನಿಂದ ನೋಡುತ್ತಿದೆ ಎಂದು ವಿರೂಪಾಕ್ಷನಿಗೆ ಅನ್ನಿಸಿತು. ಅದು ನಿಜವೂ ಆಗಿತ್ತು.

ಕಾಂತಾಬಾಯಿ ಜೋಳ ಸುರಿಯುತ್ತ ಮೋಟಾರಿನ ಸದ್ದಿನಲ್ಲಿ ಅವನ ಕಿವಿಯ ಹತ್ತಿರ ಬಾಗಿ ಕೇಳಿದಳು. "ಸಣ್ಣಾಕಿನೇನು?"

ಸಣ್ಣಗೆ ಬೀಸು ಎಂದಳೆಂದುಕೊಂಡು ಅವನು ತಲೆಯಾಡಿಸಿದ.

"ಇದೇ ಊರಾಕಿ?"

ತಲೆಯಾಡಿಸಿದ.

"ಜಗದೇವಿಗಿ ಗೊತ್ತದನು?"

ಅದಕ್ಕೂ ತಲೆಯಾಡಿಸಿ, ಕಲ್ಲು ಬಿಗಿ ಮಾಡಿ, ಜೋಳವನ್ನು ಮೈದಾದಷ್ಟು ನುಣ್ಣಗೆ ಬೀಸಿ ಕೊಟ್ಟ. ಆ ಹಿಟ್ಟಿನಲ್ಲಿ ರೊಟ್ಟಿ ಬಡಿಯಲು ಬರುವುದಿಲ್ಲ. ಆದರೂ ಕಾಂತಾಬಾಯಿ ಬೇಜಾರು ಮಾಡಿಕೊಳ್ಳದೆ ಹೋದಳು.

ಐದು ಗಂಟೆಗೆ ಜಗದೇವಿ ಬಂದಳು. ಬಂದವಳೇ ಮೋಟಾರಿನ ಸ್ವಿಚ್ಚು ಆರಿಸಿದಳು. ಗಿರಣಿಯಲ್ಲಿ ಹಾಗೆ ಸದ್ದಡಗಿದರೆ ಕಿವಿಯೊಳಗೆ ಗುಯ್ ಎನ್ನುತ್ತದೆ. ಡಬ್ಬಿ ಹಿಡಿದ ಏಳೆಂಟು ಹೆಂಗಸರು ಗೋಡೆಗೆ ಸರಿದು ದಾರಿ ಬಿಟ್ಟರು, ಹೊರಗೆ ಯಾರೂ ಹೋಗಲಿಲ್ಲ. ಅವಳ ಕೈಯಲ್ಲಿ ಅಂಬಾದಾಸ ಸರ್ ಅವರಿಂದ ಇಸಿದುಕೊಂಡು ಬಂದ ಫಾರ್ಮು ಇತ್ತು.

"ಯಾರಾಕಿ?" ಎಂದಳು.

"ಯಾವಾಕಿ?"

"ನಾನೂ ಅದೇ ಕೇಳ್ಲತ್ತೀನಿ. ಬಾಯಿ ಬೇಕಂತ ಬರ್ಸೀರಲ್ಲ."

"ಹೌದು. ನೀನೇ ಅಂದಿ, ಬಾಯಿ ಬೇಕಂತ."

"ನಾ ಅಂದ್ನಾ?"

"ಮುಂಜಾನಿ, ಚಾ ಕುಡಿಯುಮುಂದ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಜಗದೇವಿ ಇಷ್ಟು ದೊಡ್ಡ ಮನಸ್ಸಿನವಳೆಂದು ಅವರಿಗೆ ಗೊತ್ತಿರಲಿಲ್ಲ.

"ಮನ್ಯಾಗಿಂದು ಭಾಳ ದೊಡ್ಡದು, ಅದರ ಮುಂದ ನಂದು ನಡಿಯಲ್ಲ ಅಂತನೂ ಅಂದೀರಿ."

ಅದು ಸುಳ್ಳಲ್ಲವಾದ್ದರಿಂದ ವಿರೂಪಾಕ್ಷ ತಲೆಯಾಡಿಸಿದ.

"ಮಧ್ಯಾಹ್ನ ನಾ ಖುದ್ದ ಕೇಳೀನ್ರೀ," ಎಂದಳು ಮತ್ತೆ ಬಂದು ನಿಂತಿದ್ದ ಕಾಂತಾಬಾಯಿ. "ಸಣ್ಣಾಕಿನೇನು ಅಂದ್ರ ಹೂಂ ಅಂದಾನ."

ಅಲ್ಲಿಂದ ಎಲ್ಲರೂ ಒಮ್ಮೆಲೇ ಮಾತಾಡತೊಡಗಿದರು. ವಿರೂಪಾಕ್ಷ ನಾಲ್ಕು ಸಲ "ಹಂಗಲ್ಲ" ಎಂದ. ಅದು ಅವನಿಗೇ ಕೇಳಿಸಲಿಲ್ಲ. ಹದಿಮೂರು ವರ್ಷದಲ್ಲಿ ಮೊದಲ ಸಲ ಅವನಿಗೆ ನಿಜವಾಗಿ ಹೆದರಿಕೆಯಾಯಿತು. ಜಗದೇವಿಯ ಕಣ್ಣಲ್ಲಿ ನೀರು ನಿಂತಿತ್ತು. ಅವನು ಅವಳ ಸಿಟ್ಟು ನೋಡಿದ್ದ, ಕಣ್ಣೀರು ನೋಡಿರಲಿಲ್ಲ. ಅವನ ಕಾಲುಗಳು ತಾವಾಗಿಯೇ ಅಗಲವಾದವು, ಮಂಡಿ ಬಗ್ಗಿದವು, ಹೊಟ್ಟೆ ಬಿಗಿಯಿತು. ಮೂರು ತಿಂಗಳ ನಂತರ ಬರಬೇಕಾದದ್ದು ಆಗಲೇ ಬಂತು.

"ಬಾಯೀ!"

ಹಿಟ್ಟಿನ ಧೂಳು ಜಂತಿಯಿಂದ ಉದುರಿತು. ಅವನು ಬೆರಳನ್ನು ತನ್ನ ಬಾಯೊಳಗಿಟ್ಟು ತೋರಿಸಿದ. "ಇದು. ಈ ಬಾಯಿ. ತೋಂಡ. ಮರಾಠಿದಾಗ ತೋಂಡ." ಬೆಳಿಗ್ಗೆ ಬೇಕಾಗಿದ್ದ ಶಬ್ದ ಈಗ ನೆನಪಾಗಿತ್ತು.

ಮೋಜು ನೋಡಲು ಟೆಂಪೋದ ಪಕ್ಕ ಬಂದು ನಿಂತಿದ್ದ ಶಿವಾಜಿ ಕಣ್ಣಿಗೆ ಬಿದ್ದ. ಉಸಿರು ಇನ್ನೂ ಉಳಿದಿತ್ತು. "ಮತ್ತ ಆ ಟೆಂಪೋ ತಗೀ."

ಶಿವಾಜಿ ಏನೋ ಹೇಳಲು ಹೋದ. ವಿರೂಪಾಕ್ಷ ನಿಂತ ಭಂಗಿ ನೋಡಿ ಹೇಳದೆ, ಗಾಡಿ ಚಾಲೂ ಮಾಡಿ ತೆಗೆದುಕೊಂಡು ಹೋದ. ಮೂರು ವಾರದ ಮೇಲೆ ಗಿರಣಿಯೊಳಗೆ ಬಿಸಿಲು ಬಿತ್ತು.

ಜಗದೇವಿ ಕಣ್ಣೊರೆಸಿಕೊಂಡು ಫಾರ್ಮನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿದಳು. "ನಿಮಗ ಇಷ್ಟು ಬಾಯಿ ಎಲ್ಲಿತ್ರೀ?" ಎಂದಳು. ಆಮೇಲೆ ಮೆಲ್ಲಗೆ, "ಚಾ ತರ್ತೀನಿ ತಡೀರಿ," ಎಂದು ಹೋದಳು. ವಿರೂಪಾಕ್ಷನಿಗೆ ಬಹಳ ಸಂತೋಷವಾಯಿತು. ಗಂಟಲು ಒಡೆದು ಹೋಗಿತ್ತು, ಮಾತು ಹೊರಡುತ್ತಿರಲಿಲ್ಲ, ಆದರೂ ಸಂತೋಷವಾಯಿತು. ಮೋಟಾರು ಚಾಲೂ ಮಾಡಿ ಉಳಿದ ಡಬ್ಬಿಗಳಿಗೆ ಕೈ ಹಾಕಿದ.

ಸ್ವಲ್ಪ ಹೊತ್ತಿಗೆ ಶಿವಾಜಿ ನಡೆದುಕೊಂಡು ವಾಪಸು ಬಂದ. ಬಾಗಿಲಲ್ಲಿ ನಿಂತು, ಕೈ ಮುಗಿದು, ನಗುತ್ತ, ಎರಡು ಬೆರಳು ತೋರಿಸಿ ಏನೋ ಅಂದ. ಪಾಪ, ಕ್ಷಮೆ ಕೇಳಲು ಬಂದಿದ್ದಾನೆ, ಎರಡು ಡಬ್ಬಿ ಜೋಳವನ್ನೂ ಕಳಿಸುವವನಿದ್ದಾನೆ ಎಂದುಕೊಂಡ ವಿರೂಪಾಕ್ಷ. ಗೆದ್ದವನು ಸೋತವನ ಜೊತೆ ಬಿಗಿಯಾಗಿರಬಾರದು. ದೊಡ್ಡದಾಗಿ ತಲೆಯಾಡಿಸಿದ.

ಮರುದಿನ ಬೆಳಿಗ್ಗೆ ಗಂಡ ಹೆಂಡತಿ ಕೂಡಿಯೇ ಗಿರಣಿಗೆ ಬಂದರು. ಬಾಗಿಲ ಮುಂದೆ ಎರಡು ಟೆಂಪೋ ನಿಂತಿದ್ದವು. ಸಂದಿಯೂ ಇರಲಿಲ್ಲ.

ಶಿವಾಜಿ ಹಲ್ಲುಜ್ಜುತ್ತ ತನ್ನ ಅಂಗಳದಿಂದ ಬಂದ. "ನಿನ್ನಿ ನೀವು ಸಿಟ್ಟಿಗೆದ್ದಿದ್ದು ನನಗ ಸಮಜಲಿಲ್ಲ, ಭಾವೂ. ಮೂರು ವಾರದ ಹಿಂದ ಇಲ್ಲೇ ಬಂದು ಕೇಳಿದ್ನಲ್ಲ, ಮನಿ ಕಟ್ಲತ್ತೀನಿ, ಅಂಗಳದಾಗ ಉಸುಕ ಬಿದ್ದದ, ದೀಪಾವಳಿತನಾ ಗಾಡಿ ಇಲ್ಲಿ ನಿಂದ್ರಸ್ಲೇನು ಅಂತ. ನೀವು ತಲಿ ಆಡ್ಸಿದ್ರಿ. ಅದಕ್ಕೇ ನಿನ್ನಿ ಮತ್ತ ಬಂದು ಪೂರಾ ಬಿಡ್ಸಿ ಕೇಳ್ದೆ. ನಿಲಂಗಾದಿಂದ ನಮ್ಮ ಮೆಹುಣಾ, ಅಂದ್ರ ಹೆಂಡ್ತಿ ತಮ್ಮನ ಗಾಡಿನೂ ಬರ್ತದ, ಎರಡೂ ನಿಂದ್ರಸ್ಲೇನು ಅಂದೆ. ಆಗೂ ಆಡ್ಸಿದ್ರಿ. ನಿಮ್ಮಂಥ ದೊಡ್ಡ ಮನಸಿನವ್ರು ಈ ಗಲ್ಲ್ಯಾಗ ಇಲ್ಲ ನೋಡ್ರಿ."

ವಿರೂಪಾಕ್ಷ ಕಾಲು ಅಗಲ ಮಾಡಿ, ಮಂಡಿ ಬಗ್ಗಿಸಿ, ಹೊಟ್ಟೆ ಬಿಗಿಮಾಡಿ ಬಾಯಿ ತೆರೆದ. ಗಾಳಿ ಮಾತ್ರ ಬಂತು.

ಜಗದೇವಿ ಗಿರಣಿಯ ಕೀಲಿಗಾಗಿ ಕೈ ಚಾಚಿದಳು.