ಶಿಳ್ಳೆ ಹಾಕುವ ಲಾರಿ

ಲಾರಿ ಎಂಜಿನ್ ಬಿಚ್ಚುವ ಕೆಲಸದಲ್ಲಿ ಕೈ ಕಪ್ಪಾಗುತ್ತದೆ, ಸೊಂಟ ಹಿಡಿಯುತ್ತದೆ. ಆದರೆ ನಗಲಿಕ್ಕೆ ಮಾತ್ರ ಒಂದು ದಿನವೂ ತತ್ವಾರ ಬಂದದ್ದಿಲ್ಲ. ಕಬ್ಬಿಣ ಅದರ ಪಾಡಿಗೆ ಬಿದ್ದಿರುತ್ತದೆ. ಸುತ್ತ ನಿಂತವರು ಸುಮ್ಮನಿರಬೇಕಲ್ಲ!

ಅರವತ್ತರ ದಶಕದಲ್ಲಿ ನಾನು ಬಂಟ್ವಾಳದ ಬಳಿ ಮೆಲ್ಕಾರಿನ ಹತ್ತಿರದ ಒಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದೆ. ಗ್ಯಾರೇಜು ಎಂದರೆ ತೆಂಗಿನ ಮಡಲು ಹೊದಿಸಿದ ಮಾಡು, ಎಂಜಿನ್ ಎತ್ತುವ ಒಂದು ಸರಪಳಿ, ಮತ್ತು ನಮ್ಮ ಮೇಸ್ತ್ರಿ. ಅಲ್ಲಿಗೆ ಬಂದ ಲಾರಿಗಳಲ್ಲಿ ಒಂದನ್ನು ನಾನು ಸಾಯುವ ತನಕ ಮರೆಯಲಿಕ್ಕಿಲ್ಲ.

ಎಂಜಲಿನ ಪ್ರಶ್ನೆ

ಲಾರಿ ಮೂಡುಬಿದಿರೆಯ ಒಬ್ಬರು ಜೈನ ಧಣಿಗಳದ್ದು. ಅಣೆಕಟ್ಟಿನ ಕೆಲಸ ಮುಗಿದ ಮೇಲೆ ಹರಾಜಿಗೆ ಬಂದ ವಿಲಾಯತಿ ಡೀಸೆಲ್ ಲಾರಿ ಅದು. ಧಣಿಗಳು ಚಾರ್ಮಾಡಿ ಘಾಟಿಯ ಮೇಲಿನ ಒಂದು ಕಾಫಿ ತೋಟಕ್ಕೆ ಹಂಚು ಸಾಗಿಸಲು ಒಪ್ಪಿಕೊಂಡಿದ್ದರು. ಅಲ್ಲಿ ಆಳುಗಳ ಮನೆಗಳ ಸಾಲು ಮೇಲೆ ಮಾಡು ಇಲ್ಲದೆ ನಿಂತಿತ್ತು. ಮಳೆ ಹಿಡಿಯುವ ಮೊದಲು ಹಂಚು ಮುಟ್ಟಬೇಕಿತ್ತು. ಆದರೆ ಈ ಲಾರಿಗೆ ಬಂಟ್ವಾಳದ ಪೇಟೆಯ ಏರು ಹತ್ತುವಾಗಲೇ ಉಬ್ಬಸ.

ಮೇಸ್ತ್ರಿ ಬಾನೆಟ್ ಎತ್ತಿದರು. ಎಂಜಿನಿನ ಬದಿಯಲ್ಲಿ ದೊಡ್ಡ ಬಸವನಹುಳುವಿನ ಹಾಗೆ ಸುರುಳಿ ಸುತ್ತಿದ ಒಂದು ಕಬ್ಬಿಣದ ಗಂಟು. ನಾವ್ಯಾರೂ ಅಂಥದ್ದನ್ನು ನೋಡಿದವರಲ್ಲ. ಲಾರಿ ತಂದಿದ್ದ ಡ್ರೈವರಣ್ಣ ಅದು ಹಾರ್ನ್ ಎಂದ. ನಾನು ನೀರಿನ ಪಂಪು ಎಂದೆ. ಮೇಸ್ತ್ರಿ ಮಾತ್ರ ಮಂಗಳೂರಿನ ಬಂದರಿನಲ್ಲಿ ಒಂದು ಹಡಗಿನ ಎಂಜಿನಿಗೆ ಇಂಥದ್ದನ್ನು ಕಂಡಿದ್ದರು.

"ಇದು ಟರ್ಬೋ. ಎಂಜಿನ್ ಬಿಡುವ ಹೊಗೆಯಿಂದಲೇ ಒಂದು ಚಕ್ರ ತಿರುಗುತ್ತದೆ. ಆ ಚಕ್ರ ಗಾಳಿಯನ್ನು ಒತ್ತಿ ಎಂಜಿನಿನ ಒಳಗೆ ತುಂಬಿಸುತ್ತದೆ. ಮಸಿ ಹಿಡಿದು ಕೂತಿದೆ, ಬಿಡಿಸಬೇಕು. ಸಿಲಿಂಡರ್ ಕೊರೆಸಿ ಹೊಸ ಪಿಸ್ಟನ್ ಹಾಕುವ. ಇದನ್ನೂ ತಿರುಗಿಸಿದರೆ ಇದು ಲಾರಿ ಅಲ್ಲ, ಆನೆ."

ಲಾರಿಯ ಜೊತೆಗೇ ಬಂದಿದ್ದ ಧಣಿಗಳ ಮುಖ ಬಾಡಿತು. "ಏನು ಹೇಳ್ತೀರಿ ಮೇಸ್ತ್ರಿ? ಒಮ್ಮೆ ಹೊರಗೆ ಬಿಟ್ಟದ್ದನ್ನು ತಿರುಗಿ ಒಳಗೆ ತೆಗೆದುಕೊಳ್ಳುವುದಾ? ಎಂಜಲಲ್ಲವಾ ಅದು?"

ಮೇಸ್ತ್ರಿ ತಲೆ ಕೆರೆದುಕೊಂಡು ಹೇಳಿದರು, "ಇಲ್ಲ ಧಣಿಗಳೇ. ಹೊಗೆ ಈಚೆ ಕೋಣೆಯಲ್ಲಿ, ಗಾಳಿ ಆಚೆ ಕೋಣೆಯಲ್ಲಿ. ನಡುವೆ ಗೋಡೆ ಉಂಟು. ಒಂದನ್ನೊಂದು ಮುಟ್ಟುವುದೇ ಇಲ್ಲ."

"ಹಾಗೆ ಹೇಳಿ ಮತ್ತೆ! ಪಂಕ್ತಿ ಬೇರೆ ಬೇರೆ ಅಂತಾದರೆ ನನ್ನದೇನೂ ಅಡ್ಡಿಯಿಲ್ಲ. ಶುರು ಮಾಡಿ."

ಬಾಣಂತನ

ಆ ಕಬ್ಬಿಣದ ಬಸವನಹುಳುವನ್ನು ಬಿಚ್ಚಿ ಹಲಗೆಯ ಮೇಲೆ ಇಟ್ಟು, ನಾವು ಸಿಲಿಂಡರ್ ಕೊರೆಸುವ ಗಡಿಬಿಡಿಯಲ್ಲಿದ್ದೆವು. ತಿರುಗಿ ನೋಡುವಾಗ ಅದರ ಬಾಯಿಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿ, ಮೊಟ್ಟೆಯಿಟ್ಟು, ಬಾಗಿಲು ಮುಚ್ಚಿ ಹೋಗಿತ್ತು. ನಾನು ಸ್ಕ್ರೂಡ್ರೈವರ್ ತೆಗೆದುಕೊಂಡು ಕೆತ್ತಲು ಹೊರಟದ್ದೇ ತಡ, ಧಣಿಗಳು ಓಡಿ ಬಂದು ಕೈ ಹಿಡಿದರು.

"ಜೀವ ಉಂಟು ಅದರೊಳಗೆ! ಬಿಡು."

ಡ್ರೈವರಣ್ಣನಿಗೆ ಉರಿದುಹೋಯಿತು. "ಧಣಿಗಳೇ, ಮಳೆಗಾಲ ಬರ್ತಾ ಉಂಟು. ಹಂಚಿಗೆ ಅವಸರ ಅಲ್ವಾ?"

"ಅವಸರ ನಮಗೆ. ಹುಳಕ್ಕೆ ಯಾರು ಹೇಳಿದ್ದಾರೆ?"

ಸರಿ, ಬಸವನಹುಳುವನ್ನು ಹಾಗೇ ಬಿಟ್ಟು ಉಳಿದ ಎಂಜಿನಿನ ಕೆಲಸ ಮಾಡಿದೆವು. ಪಿಸ್ಟನ್ ಕೂತಿತು, ಬೇರಿಂಗ್ ಕೂತಿತು, ಡೀಸೆಲ್ ಪಂಪು ಸರಿಯಾಯಿತು. ಮರಿ ಮಾತ್ರ ಹೊರಗೆ ಬರಲಿಲ್ಲ. ಧಣಿಗಳು ದಿನವೂ ಮೂಡುಬಿದಿರೆಯಿಂದ ಬಸ್ಸಿನಲ್ಲಿ ಬಂದು, ಗೂಡಿಗೆ ಕಿವಿ ಕೊಟ್ಟು ಕೇಳಿ, ಸೂರ್ಯ ಮುಳುಗುವ ಮೊದಲು ಉಣ್ಣಬೇಕೆಂದು ಓಡುವರು. ತೋಟದವರು ಆಳು ಕಳಿಸಿದರು: ಲಾರಿ ಯಾಕೆ ಇನ್ನೂ ಹೊರಟಿಲ್ಲ?

ಮೇಸ್ತ್ರಿ ಎಣ್ಣೆ ಕೈ ಒರೆಸುತ್ತಾ ಗಂಭೀರವಾಗಿ ಹೇಳಿ ಕಳಿಸಿದರು: "ಎಂಜಿನಿಗೆ ಏನೂ ತೊಂದರೆ ಇಲ್ಲ. ಹೆರಿಗೆ ಆದ ಕೂಡಲೇ ಹೊರಡುತ್ತದೆ."

ಅಮ್ಮನ ಗಿಂಡಿ

ಕೊನೆಗೊಂದು ದಿನ ಗೂಡು ತೂತು ಮಾಡಿ ಹುಳಗಳು ಹಾರಿಹೋದವು. ಬಸವನಹುಳುವನ್ನು ಬಿಚ್ಚಿದರೆ ಒಳಗಿನ ಚಕ್ರದ ಅಚ್ಚನ್ನು ಹಿಡಿಯುವ ಬುಷ್ ಸವೆದು ಬಳೆಯಂತಾಗಿತ್ತು. ಅದು ನಮ್ಮ ದೇಶದಲ್ಲಿ ಎಲ್ಲಿ ಸಿಗಬೇಕು? ಒಳ್ಳೆಯ ಹಳೆಯ ಕಂಚು ಸಿಕ್ಕಿದರೆ ಎರಕ ಹೊಯ್ಸಿ, ಮಂಗಳೂರಿನ ಲೇತಿನಲ್ಲಿ ಕಡೆಸಬಹುದು ಎಂದರು ಮೇಸ್ತ್ರಿ. ಮರುದಿನ ಧಣಿಗಳು ಕೈಚೀಲದಲ್ಲಿ ಒಂದು ಕಂಚಿನ ಗಿಂಡಿ ತಂದರು. ಮೂತಿ ಮುರಿದು ಅಟ್ಟದಲ್ಲಿ ಬಿದ್ದದ್ದಂತೆ. ಬುಷ್ ಚೆನ್ನಾಗಿ ಬಂತು.

ಲಾರಿಯ ಎಂಜಿನ್ ಜೋಡಿಸಿ ಮುಗಿಯುವ ಹೊತ್ತಿಗೆ ಧಣಿಗಳ ತಾಯಿಯೇ ಬಾಡಿಗೆ ಕಾರು ಮಾಡಿಕೊಂಡು ಗ್ಯಾರೇಜಿನ ಮುಂದೆ ಇಳಿದರು. ಬಿಳಿ ಸೀರೆ, ನೆಟ್ಟಗಿನ ಬೆನ್ನು. ಬಂದವರೇ ಮಗನನ್ನು ಕೇಳಿದರು, "ನನ್ನ ಗಿಂಡಿ ಎಲ್ಲಿ?"

ಧಣಿಗಳು ಎಂಜಿನಿನ ಕಡೆ ಬೆರಳು ತೋರಿಸಿದರು.

"ಅದರ ಒಳಗೆ ಗಿಂಡಿಗೆ ಏನು ಕೆಲಸ?"

ಮೇಸ್ತ್ರಿ ಎಂಜಿನ್ ಚಾಲೂ ಮಾಡಿದರು. ಮೊದಲ ಸಲ ಆ ಚಕ್ರ ತಿರುಗಿತು. 'ಸುಂಯ್' ಎಂದು ಸಣ್ಣ ಶಿಳ್ಳೆಯ ಸ್ವರ. ಅಮ್ಮ ಕಣ್ಣು ಮುಚ್ಚಿ ಕೇಳಿದರು.

"ಚಂದ ಉಂಟು," ಎಂದರು. ಆಮೇಲೆ ಮಗನ ಕಡೆ ತಿರುಗಿ, "ಆದರೆ ಒಂದು ತಿಳಿದುಕೋ. ಅದು ನನ್ನ ತವರಿನ ಗಿಂಡಿ. ಇನ್ನು ಈ ಲಾರಿಯಲ್ಲಿ ನನ್ನದೂ ಪಾಲುಂಟು. ನನ್ನನ್ನು ಕೇಳದೆ ಮಾರಿದರೆ ನೋಡು!"

ತಣ್ಣಗಿನ ಚಹಾ

ಹಂಚು ತುಂಬಿಸಿ ಘಾಟಿಗೆ ಹೊರಟೆವು. ಡ್ರೈವರಣ್ಣ, ಧಣಿಗಳು, ನಾನು. ಘಾಟಿಯ ಒಂದು ತಿರುವಿನಲ್ಲಿ ಚಹಾದ ಗುಡಿಸಲಿತ್ತು. ಅಲ್ಲಿ ನಿಲ್ಲದೆ ಹೋದ ಲಾರಿಯೇ ಇರಲಿಲ್ಲ. ರುಚಿಗಾಗಿ ಅಲ್ಲ, ಅಲ್ಲಿಗೆ ಮುಟ್ಟುವಾಗ ಎಲ್ಲರ ರೇಡಿಯೇಟರೂ ಕುದಿಯುತ್ತಿತ್ತು. ಕೆಳಗಿನ ತಿರುವಿನಲ್ಲಿ ಲಾರಿ ನರಳುವುದು ಕೇಳಿದ ಕೂಡಲೇ ಚಹಾದವನು ಗ್ಲಾಸಿಗೆ ಹೊಯ್ಯುತ್ತಿದ್ದ.

ನಮ್ಮ ಲಾರಿ ಶಿಳ್ಳೆ ಹಾಕುತ್ತಾ ಏರಿತು. ಡ್ರೈವರಣ್ಣ ಅಭ್ಯಾಸದಂತೆ ಬ್ರೇಕಿಗೆ ಕಾಲಿಟ್ಟ.

"ನಿಲ್ಲಿಸಬೇಡ ಮಾರಾಯ!" ಎಂದು ಧಣಿಗಳು ಚಿಕ್ಕ ಮಗುವಿನ ಹಾಗೆ ಸೀಟಿನಲ್ಲೇ ಕುಣಿದರು. "ಎಳೀತಾ ಉಂಟು! ಎಳೀತಾ ಉಂಟು!"

ಚಹಾದವನು ಗ್ಲಾಸು ಹಿಡಿದು ಬಾಯಿ ತೆರೆದು ನಿಂತದ್ದು ಕನ್ನಡಿಯಲ್ಲಿ ಕಂಡಿತು. ಹಂಚು ಇಳಿಸಿ, ರಾತ್ರಿ ತೋಟದಲ್ಲೇ ತಂಗಿ, ಮರುದಿನ ಇಳಿಯುವಾಗ ಅವನಲ್ಲಿ ನಿಲ್ಲಿಸಿದೆವು. ಅವನು ಮೂರು ಗ್ಲಾಸು ಮುಂದಿಟ್ಟ. ಡ್ರೈವರಣ್ಣ ಒಂದು ಗುಟುಕು ಕುಡಿದು ಮುಖ ಕಿವುಚಿದ. "ಇದೇನು, ತಣ್ಣಗೆ ಕೊರೆಯುತ್ತದಲ್ಲ?"

"ಚಹಾ ಬಿಸಿಯೇ ಇತ್ತು ಅಣ್ಣ," ಎಂದನವನು. "ನೀವೇ ಒಂದು ದಿನ ತಡವಾಗಿ ಬಂದದ್ದು."

ಬಸ್ಸಿನ ಹಿಂದೆ

ಇನ್ನೊಂದು ಸಲ ಹಂಚು ಹೇರಿಕೊಂಡು ಅದೇ ದಾರಿಯಲ್ಲಿ ಹೋಗುತ್ತಿದ್ದೆವು. ಪುಂಜಾಲಕಟ್ಟೆಯಲ್ಲಿ ಬೆಳ್ತಂಗಡಿಯ ಬಸ್ಸು ನಿಂತಿತ್ತು. ಕಂಡಕ್ಟರ್ ಕೆಳಗಿಳಿದು ಯಾರದೋ ಬಾಳೆಗೊನೆಯನ್ನು ಬಸ್ಸಿನ ಮಾಡಿಗೆ ಏರಿಸಿಕೊಡುತ್ತಿದ್ದ. ಆಗ ಬಸ್ಸು ನಡೆಯುತ್ತಿದ್ದುದೇ ಕಂಡಕ್ಟರನ ಶಿಳ್ಳೆಯ ಮೇಲೆ. ಒಂದು ಶಿಳ್ಳೆಗೆ ನಿಲ್ಲಬೇಕು, ಎರಡು ಶಿಳ್ಳೆಗೆ ಹೋಗಬೇಕು.

ನಾವು ಹಿಂದಿನಿಂದ ಬಂದೆವು. ಡ್ರೈವರಣ್ಣ ಗೇರು ಬದಲಿಸಿದ. ಬಸವನಹುಳು ಕೂಗಿತು: ಸುಂಯ್! ಸುಂಯ್!

ಬಸ್ಸು ಹೊರಟೇ ಹೋಯಿತು.

"ಏಯ್! ನಾನಿಲ್ಲಿ ಉಂಟು!" ಕಂಡಕ್ಟರ್ ಸ್ವಲ್ಪ ದೂರ ಓಡಿ, ಏದುಸಿರು ಬಿಡುತ್ತಾ ನಮ್ಮ ಲಾರಿ ಹತ್ತಿದ. "ಹಿಡಿಯಿರಿ ಮಾರಾಯ್ರೆ ಅದನ್ನು! ಒಬ್ಬರಿಗೂ ಟಿಕೇಟು ಕೊಟ್ಟಿಲ್ಲ!"

ಡ್ರೈವರಣ್ಣ ಎಕ್ಸಿಲರೇಟರ್ ಒತ್ತಿದ. ಒತ್ತಿದಷ್ಟೂ ಶಿಳ್ಳೆ ಜೋರಾಯಿತು. ಶಿಳ್ಳೆ ಜೋರಾದಷ್ಟೂ ಬಸ್ಸು ಜೋರಾಯಿತು. ಮಣ್ಣಿನ ರಸ್ತೆ, ಧೂಳಿನಲ್ಲಿ ಬಸ್ಸಿನವನಿಗೆ ಹಿಂದೆ ಯಾರಿದ್ದಾರೆಂದು ಕಾಣುವುದಿಲ್ಲ. ಹಾರ್ನ್ ಹೊಡೆದೆವು. ಎದುರಾಳಿ ಕಂಪೆನಿಯ ಬಸ್ಸು ಬಂತೆಂದು ಅವನು ಇನ್ನಷ್ಟು ಬಿಟ್ಟ.

ನನಗೆ ಅಷ್ಟರಲ್ಲಿ ವಿಷಯ ಹೊಳೆಯಿತು. "ಅಣ್ಣಾ, ಕಾಲು ತೆಗಿ! ನಮ್ಮ ಶಿಳ್ಳೆಗೇ ಅವನು ಓಡುವುದು!"

ಕಾಲು ತೆಗೆದ. ಶಿಳ್ಳೆ ನಿಂತಿತು. ಬಸ್ಸೂ ಮೆಲ್ಲಗಾಯಿತು. ಕಂಡಕ್ಟರನಿಗೆ ಜೀವ ಬಂತು. "ಅದೋ, ನಿಲ್ತದೆ! ಬೇಗ, ಬೇಗ ಹೋಗಿ!" ಎಂದು ಡ್ರೈವರಣ್ಣನ ಬೆನ್ನಿಗೆ ಗುದ್ದಿದ. ಡ್ರೈವರಣ್ಣ ಗಾಬರಿಯಲ್ಲಿ ಮತ್ತೆ ಒತ್ತಿದ. ಸುಂಯ್! ಸುಂಯ್! ಬಸ್ಸು ಮತ್ತೆ ಹಾರಿತು.

ಮಡಂತ್ಯಾರಿನಲ್ಲಿ ಇಳಿಯಬೇಕಾದವರು ಬಸ್ಸಿನೊಳಗೆ ಬೊಬ್ಬೆ ಹೊಡೆದರಂತೆ. "ಕಂಡಕ್ಟರ್ ಹೇಳದೆ ನಿಲ್ಲಿಸಲಿಕ್ಕಿಲ್ಲ. ಅವನು ಹೋಗು ಹೋಗು ಅಂತ ಶಿಳ್ಳೆ ಹಾಕ್ತಾ ಇದ್ದಾನೆ, ಕೇಳುವುದಿಲ್ಲವಾ?" ಎಂದನಂತೆ ಬಸ್ಸಿನ ಡ್ರೈವರ್. ಗುರುವಾಯನಕೆರೆಯೂ ಹಿಂದೆ ಹೋಯಿತು. ನಮ್ಮ ಧಣಿಗಳು ಹಂಚು ಒಡೆಯುತ್ತದೆ ಎಂಬ ಹೆದರಿಕೆಗೆ ಒಂದು ಕಣ್ಣು ಮುಚ್ಚಿ, ಎಂಜಿನಿನ ಓಟ ನೋಡುವ ಆಸೆಗೆ ಇನ್ನೊಂದು ಕಣ್ಣು ತೆರೆದು ಕೂತಿದ್ದರು.

ಬೆಳ್ತಂಗಡಿಯ ನಿಲ್ದಾಣದಲ್ಲಿ ಬಸ್ಸು ನಿಂತಿತು. ನಾವೂ ನಿಂತೆವು. ಕಂಡಕ್ಟರ್ ಲಾರಿಯಿಂದ ಹಾರಿ ಬಸ್ಸಿನ ಡ್ರೈವರನ ಮುಂದೆ ನಿಂತ. ತಲೆಯಿಂದ ಕಾಲಿನ ತನಕ ಕೆಂಪು ಧೂಳು.

ಡ್ರೈವರ್ ಅವನನ್ನು ಮೇಲೆ ಕೆಳಗೆ ನೋಡಿದ. "ಇದೇನು ಮಾರಾಯ ನಿನ್ನ ವೇಷ? ಅಲ್ಲ, ಇವತ್ತು ನಿನಗೆ ಯಾಕಪ್ಪ ಅಷ್ಟು ಅವಸರ? ಶಿಳ್ಳೆ ಹಾಕಿ ಹಾಕಿ ನನ್ನ ಪ್ರಾಣ ತೆಗೆದೆ!"

ಕಂಡಕ್ಟರ್ ನಮ್ಮ ಲಾರಿಯ ಕಡೆ ಕೈ ತೋರಿಸಿದ. ಅಷ್ಟರಲ್ಲಿ ಕೊಡೆ ಊರಿಕೊಂಡು ಬಸ್ಸಿನಿಂದ ಇಳಿದ ಒಬ್ಬ ಅಜ್ಜ, ಪೇಟೆಯ ಗಡಿಯಾರವನ್ನೊಮ್ಮೆ, ನಮ್ಮ ಲಾರಿಯನ್ನೊಮ್ಮೆ ನೋಡಿ, ಅವನ ಹೆಗಲಿನ ಧೂಳು ಕೊಡವಿ ಬಹಳ ಪ್ರೀತಿಯಿಂದ ಹೇಳಿದರು:

"ಕಂಡಕ್ಟರೇ, ನಾಳೆಯಿಂದ ನೀವು ಲಾರಿಯಲ್ಲೇ ಬನ್ನಿ. ಬಸ್ಸು ಸರಿಯಾದ ಹೊತ್ತಿಗೆ ಮುಟ್ಟುತ್ತದೆ."