ಮೇಷ್ಟ್ರ ಅರ್ಧ ಲ್ಯಾಪ್‌ಟಾಪು

ಇಡೀ ರಂಪಕ್ಕೆ ಕಾರಣ ಪರದೆಯ ಮೂಲೆಯಲ್ಲಿ ಇಣುಕಿದ ಒಂದು ಸಾಲು: "ಲಿನಕ್ಸ್‌ನ ಹೊಸ ಆವೃತ್ತಿ ಬಂದಿದೆ. ಹಾಕಲೇ?"

ರಜೆಯ ದಿನ ಬೆಳಿಗ್ಗೆ ಎಂಟಕ್ಕೆ ಲೆಕ್ಕದ ಮೇಷ್ಟ್ರು ಅದನ್ನು ಕಂಡರು. ಅವರ ಲ್ಯಾಪ್‌ಟಾಪು ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಮನೆಯಂತೆ. ಯಂತ್ರ ನಡೆಸಲು ಎರಡು ತಂತ್ರಾಂಶ: ಅರ್ಧದಲ್ಲಿ ಹೆಂಡತಿಯ ವಿಂಡೋಸ್, ಇನ್ನರ್ಧದಲ್ಲಿ ಮೇಷ್ಟ್ರ ಲಿನಕ್ಸ್. ಗುಂಡಿ ಒತ್ತಿದರೆ ಯಾವ ಬಾಗಿಲು ತೆಗೆಯಲಿ ಎಂದು ಅದೇ ಕೇಳುತ್ತಿತ್ತು.

"ಇವತ್ತು ಅದನ್ನ ಮುಟ್ಟಬೇಡಿ ರೀ," ಹೊಲಿಗೆ ಯಂತ್ರದ ಹಿಂದಿನಿಂದ ಹೆಂಡತಿ ಕೂಗಿದಳು. "ನಾಟಕದೋರ ಮೂವತ್ತೆರಡು ವೇಷದ ಅಳತೆ ಅದರಲ್ಲೇ ಇದೆ. ನಾಲ್ಕು ಗಂಟೆಗೆ ಬಟ್ಟೆ ತರ್ತಾರೆ, ಕತ್ತರಿ ಹಾಕ್ಬೇಕು. ಮಾಡಿಸ್ಲೇಬೇಕು ಅಂದ್ರೆ ನನ್ನ ತಮ್ಮನ ಹತ್ರ ಕೊಡಿ."

ಭಾವಮೈದುನನದು ಅದೇ ಕಟ್ಟಡದ ಕೆಳಗೆ ಕಂಪ್ಯೂಟರ್ ರಿಪೇರಿ ಅಂಗಡಿ. ಆ ಮಾತು ಕೇಳಿದ್ದೇ ತಡ, ಮೇಷ್ಟ್ರಿಗೆ ಮೂಗಿನ ತುದಿಗೇ ಕೋಪ ಬಂತು.

"ಪ್ರಾಣ ಹೋದ್ರೂ ಇದು ಆ ಅಂಗಡಿ ಮೆಟ್ಟಿಲು ತುಳಿಯಲ್ಲ! ನಿನ್ನ ಅಳತೆ ನಿನ್ನ ಅರ್ಧದಲ್ಲಿದೆ. ನಾನು ಆ ಕಡೆ ತಲೆ ಹಾಕಿಯೂ ಮಲಗಲ್ಲ."

ಒಪ್ಪಿಗೆ ಒತ್ತಿದರು. ಜಾಗ ಸಾಲದು ಎಂದಿತು. ಹುಡುಕಿದರೆ ತಮ್ಮದೇ ಅರ್ಧದಲ್ಲಿ 'ಹಳೇದು' ಎಂಬ ದಪ್ಪನೆಯ ಫೋಲ್ಡರ್ ಸಿಕ್ಕಿತು. ನನ್ನ ಪಾಲಿನಲ್ಲಿರುವುದೆಲ್ಲ ನನ್ನದೇ ಕಸ ಎಂದುಕೊಂಡು, ತೆರೆದೂ ನೋಡದೆ ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿದರು.

ಕೆಲಸ ಮುಕ್ಕಾಲು ಮುಗಿದಿತ್ತು. ಅಷ್ಟರಲ್ಲಿ ಅತ್ತೆ ಇಸ್ತ್ರಿ ಪೆಟ್ಟಿಗೆ ಹಿಡಿದು ಬಂದು, ಗೋಡೆಯಲ್ಲಿದ್ದ ಚಾರ್ಜರ್ ಕಿತ್ತರು. ಬ್ಯಾಟರಿ ಹೆಸರಿಗಷ್ಟೇ ಇದ್ದದ್ದು. ಪರದೆ ಕಪ್ಪಾಯಿತು. ಮತ್ತೆ ಹಚ್ಚಿದರೆ ಬಾಗಿಲೂ ಇಲ್ಲ, ಕಿಟಕಿಯೂ ಇಲ್ಲ, ಒಂದು ಬಿಳಿ ಗೀಟು ಮಾತ್ರ ಮಿಣುಕುತ್ತಿತ್ತು.

ಸುದ್ದಿ ಹಬ್ಬಲು ಎಷ್ಟು ಹೊತ್ತು? ಪಕ್ಕದ ಮನೆಯ ನಿವೃತ್ತ ಪೋಸ್ಟ್ ಮಾಸ್ಟರು ಚಪ್ಪಲಿಯನ್ನೂ ಮೆಟ್ಟದೆ ಬಂದರು. "ಒಂದಿನ ಅಕ್ಕಿ ಡಬ್ಬದಲ್ಲಿ ಹುಗಿದಿಡಿ ಮೇಷ್ಟ್ರೇ. ನನ್ನ ಮೊಬೈಲು ಹಾಗೇ ಬದುಕಿದ್ದು."

"ಇದಕ್ಕೆ ನೀರು ಬಿದ್ದಿಲ್ಲ ಸ್ವಾಮಿ!"

ಹಿಂದೆಯೇ ಭಾವಮೈದುನ ಸ್ಕ್ರೂಡ್ರೈವರ್ ಹಿಡಿದು ಹಾಜರಾದ. "ಭಾವ, ಹತ್ತು ನಿಮಿಷ ನನ್ನ ಕೈಗೆ ಕೊಡಿ."

"ಹತ್ತು ಜನ್ಮ ಎತ್ತಿ ಬಂದ್ರೂ ಕೊಡಲ್ಲ, ನಡಿಯೋ!" ಮೇಷ್ಟ್ರು ಇಬ್ಬರನ್ನೂ ಹೊರಗೆ ಹಾಕಿ ಬಾಗಿಲಿಗೆ ಕುರ್ಚಿ ಒತ್ತಿಟ್ಟರು.

ತಪ್ಪಿತಸ್ಥೆ ಅತ್ತೆ ಕನ್ನಡಕ ಏರಿಸಿ, ಮೊಬೈಲಿನಲ್ಲಿ ಸಿಕ್ಕ ಪರಿಹಾರವನ್ನು ಅಕ್ಷರ ಅಕ್ಷರವಾಗಿ ಓದತೊಡಗಿದರು. "ಓರೆಗೀಟು, ಅಳಿಯಂದ್ರೆ. ಆಮೇಲೆ ಅಡ್ಡಗೀಟು. ಅಯ್ಯೋ, ಎರಡು ಅಡ್ಡಗೀಟು!" ಮೇಷ್ಟ್ರು ಊಟ ಬಿಟ್ಟು ಕೀಲಿ ಕುಟ್ಟಿದರು. ಎರಡೂವರೆಗೆ ಲಿನಕ್ಸ್ ಹೊಸ ಆವೃತ್ತಿಯೊಂದಿಗೆ ಎದ್ದು ಕೂತಿತು. ವಿಂಡೋಸ್ ಕೂಡ ತೆರೆಯಿತು.

ಮೇಷ್ಟ್ರು ಕುರ್ಚಿ ಒದ್ದು ಬಾಗಿಲು ತೆಗೆದು, ಹೊರಗೇ ಕಾದಿದ್ದ ಭಾವಮೈದುನನಿಗೆ ಕೂಗಿದರು. "ನೋಡೋ! ನಿನ್ನ ಅಂಗಡಿ ಹಂಗಿಲ್ಲದೆ ಎಬ್ಬಿಸಿದೀನಿ!"

"ಸದ್ಯ," ಎಂದಳು ಹೆಂಡತಿ. "ನಿಮ್ಮ ಅರ್ಧದಿಂದ ನನ್ನ ಅಳತೆ ತೆಗೆದುಕೊಡಿ."

"ನನ್ನ ಅರ್ಧದಲ್ಲಿ ನಿಂದೇನಿದೆ?"

"ನಂದು ತುಂಬಿಹೋಗಿತ್ತಲ್ರೀ. ಹೋದ ಭಾನುವಾರ ತಮ್ಮನ ಕೈಲಿ ನಿಮ್ಮ ಕಡೆ ಸಾಗಿಸಿದೆ. ಹೊಸದು ಅಂತ ಬರೆದ್ರೆ ನೀವು ಕೆದಕ್ತೀರ ಅಂತ 'ಹಳೇದು' ಅಂತ ಹೆಸರಿಡಿಸಿದೆ."

ಮೇಷ್ಟ್ರು ಫೋಲ್ಡರ್ ಅಳಿಸಿದ್ದನ್ನು ಹೇಳಿದರು. ಮೂರು ವಾರ ಮನೆಮನೆ ಅಲೆದು ತೆಗೆದ ಅಳತೆ. ಹೆಂಡತಿ ಬಯ್ಯಲಿಲ್ಲ, ಟೇಪು ಹಿಡಿದು ಕುಸಿದು ಕೂತಳು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

"ಹೆದರಬೇಡಕ್ಕ," ಎಂದ ಭಾವಮೈದುನ. "ಭಾವ ಮಲಗಿದಾಗ ಪ್ರತಿ ಭಾನುವಾರ ಇದು ನನ್ನ ಅಂಗಡಿಗೆ ಬರತ್ತಲ್ಲ, ಅಳತೆ ಸಾಗಿಸಿದ ಮೇಲೆ ಇಡೀದರ ನಕಲು ತೆಗೆದಿಟ್ಟಿದೀನಿ."

"ಪ್ರತಿ ಭಾನುವಾರ!" ಎಂದರು ಮೇಷ್ಟ್ರು. ಹೆಂಡತಿಯ ಮುಖ ನೋಡಿ, ಲ್ಯಾಪ್‌ಟಾಪನ್ನು ತಾವೇ ಹೊತ್ತು ಅಂಗಡಿಯ ಮೆಟ್ಟಿಲು ತುಳಿದರು. ಅದೊಂದು ಫೋಲ್ಡರ್ ಸಾಕು ಅಂದರೂ ಭಾವಮೈದುನ ಕೇಳಲಿಲ್ಲ. "ಅಕ್ಕ ಹೋದ ಭಾನುವಾರ ಇದ್ದ ಹಾಗೇ ಮಾಡು ಅಂದಿದಾಳೆ, ಭಾವ."

ನಾಲ್ಕಕ್ಕೆ ಐದು ನಿಮಿಷವಿದ್ದಾಗ ಅಳತೆಯೆಲ್ಲ ಅಚ್ಚಾಗಿ ಹೆಂಡತಿಯ ಕೈ ಸೇರಿತು. ಲ್ಯಾಪ್‌ಟಾಪು ಮೇಷ್ಟ್ರ ಮೇಜು ಸೇರಿತು. ಹೋದ ಭಾನುವಾರ ಇದ್ದ ಹಾಗೇ ಇತ್ತು. ಮೂಲೆಯಲ್ಲಿ ಅದೇ ಸಾಲು ಇಣುಕಿತು: "ಲಿನಕ್ಸ್‌ನ ಹೊಸ ಆವೃತ್ತಿ ಬಂದಿದೆ. ಹಾಕಲೇ?"

ಮೇಷ್ಟ್ರು ಅಂಗಿಯ ತೋಳು ಮಡಚಿದರು.

"ಅತ್ತೆ, ಕನ್ನಡಕ ಹಾಕ್ಕೊಳ್ಳಿ."