ಗಾಜಿನ ಒಲೆಯೂ ಕಬ್ಬಿಣದ ಕಾವಲಿಯೂ

ಇಂಡಕ್ಷನ್ ಒಲೆಯನ್ನು ಕನ್ನಡಿಯಂತೆ ಇಟ್ಟುಕೊಳ್ಳುವುದರಲ್ಲಿ ಇಡೀ ಹಾಸನ ಜಿಲ್ಲೆಯಲ್ಲೇ ನನ್ನನ್ನು ಮೀರಿಸುವ ಗಂಡಸು ಇರಕೂಡದೆಂದು ಕಳೆದ ಭಾನುವಾರ ಪಣ ತೊಟ್ಟೆ. ಜಿಲ್ಲೆ ಎಂದದ್ದು ಮರ್ಯಾದೆಗೆ. ಸೋಲಿಸಬೇಕಾಗಿದ್ದುದು ಒಬ್ಬನನ್ನೇ, ಹಾಸನದಲ್ಲಿರುವ ನನ್ನ ಷಡ್ಡಕ ಪಾಲಾಕ್ಷನನ್ನು.

ಅವರ ಮನೆಗೆ ಹೋಗಿ ಹೊಳೆನರಸೀಪುರಕ್ಕೆ ಮರಳಿದಾಗಿನಿಂದ ನನ್ನ ಹೆಂಡತಿ ಪ್ರೇಮಕುಮಾರಿಗೆ ಒಂದೇ ಜಪ.

"ಬಾವ ಒಲೇನ ಎಂಗಿಟ್ಕಂಡವ್ರೆ ನೋಡಿದ್ರಾ? ದಿನಾ ಅವರೇ ಒರೆಸ್ತಾರಂತೆ. ಮುಖ ನೋಡ್ಕಂಡು ಕುಂಕುಮ ಇಟ್ಕಬೋದು."

"ನಮ್ದೂ ಪಳಪಳ ವಳೀತದಲ್ಲ."

"ನಮ್ದ್ರಲ್ಲಿ ಯುಗಾದಿ ಪಾಯಸ ಕಾಣ್ತದೆ. ಮುಖ ಎಲ್ಲಿ ಕಾಣ್ತದೆ?"

ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಇಂಡಕ್ಷನ್ ಒಲೆಗೂ ಇಲ್ಲದ ಬೆಂಕಿ.

ಪ್ರೇಮ ನಾಮಕರಣಕ್ಕೆಂದು ಹಳ್ಳಿಮೈಸೂರಿನ ಬಸ್ಸು ಹತ್ತಿದ್ದೇ ತಡ, ಸ್ಟೀಲ್ ನಾರು ಹಿಡಿದು ಒಲೆಯ ಗಾಜನ್ನು ಉಜ್ಜಿದೆ. ಪಾಯಸದ ಕಲೆ ಹೋಯಿತು. ಅದರ ಜಾಗದಲ್ಲಿ ಬೆಕ್ಕು ಪರಚಿದ ಹಾಗೆ ಗೀರುಗಳು ಬಂದವು. ಅವು ಮುಚ್ಚಿಹೋಗಲೆಂದು ಕೊಬ್ಬರಿ ಎಣ್ಣೆ ಸವರಿದೆ. ಗೀರುಗಳೇ ಫಳಫಳ ಹೊಳೆದವು. ಕೊನೆಗೆ ಅವನ್ನು ಮರೆಮಾಡಲು ಅಟ್ಟದಿಂದ ಅಜ್ಜಿಯ ಕಾಲದ ಕಬ್ಬಿಣದ ಕಾವಲಿ ಇಳಿಸಿದೆ. ಕೈಯೆಲ್ಲ ಎಣ್ಣೆ. ಕಾವಲಿ ಜಾರಿ ನೇರವಾಗಿ ಗಾಜಿನ ಮೇಲೆ ಬಿತ್ತು. ಈ ಮೂಲೆಯಿಂದ ಆ ಮೂಲೆಗೆ ಹೇಮಾವತಿ ನಾಲೆಯ ನಕ್ಷೆ ಮೂಡಿತು, ಉಪನಾಲೆಗಳ ಸಮೇತ.

ಸಂಜೆಯವರೆಗೂ ಬೇರೆ ದಾರಿ ತೋಚದೆ, ಅಭಿಮಾನ ನುಂಗಿಕೊಂಡು ಪಾಲಾಕ್ಷನಿಗೇ ಫೋನ್ ಮಾಡಿದೆ.

"ಬಾವ, ಒಲೆ ಗಾಜು ಸೀಳು ಬಿಟ್ರೆ ಏನ್ ಮಾಡಬೇಕು?"

ಆ ಕಡೆ ಬಾಗಿಲು ಹಾಕಿಕೊಂಡ ಸದ್ದು ಕೇಳಿತು. ಆಮೇಲೆ ಪಿಸುಮಾತು ಬಂತು. "ಯಾರ್‍ಗೂ ಏಳ್ಬ್ಯಾಡ ಸಿದ್ದೇಶ. ನಾನೂ ಒಂದು ಒಡೆದಾಕಿದೀನಿ. ಈಗಿರೋದು ಎರಡ್ನೇದು. ಅವತ್ತಿಂದ ನಿಮ್ಮತ್ತಿಗೆ ನನ್ನನ್ನ ಅಡಿಗೆಮನೆ ಒಳಕ್ಕೇ ಬಿಟ್ಟಿಲ್ಲ. ಅದಕ್ಕೇ ಅದು ಅಂಗೆ ವಳೀತಿರೋದು. ನಾನೇ ಒರೆಸ್ತೀನಿ ಅಂದಿದ್ದು ಬರೀ ಬಾಯಿಮಾತು ಕಣಪ್ಪ."

ಒಲೆ ಒಡೆದ ದುಃಖ ಆ ಕ್ಷಣವೇ ಮರೆತುಹೋಯಿತು. ಎಷ್ಟೋ ದಿನದಿಂದ ಎದೆಯ ಮೇಲೆ ಕೂತಿದ್ದ ಪಾಲಾಕ್ಷ ಎದ್ದು ಹೋದ ಹಾಗಾಯಿತು. ನಗುತ್ತ ತಿರುಗಿದರೆ, ತಾಂಬೂಲದ ಚೀಲ ಹಿಡಿದ ಪ್ರೇಮ ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದಳು. ಕಾವಲಿ ನೋಡಿದಳು, ಒಲೆ ನೋಡಿದಳು, ಕೊನೆಗೆ ನನ್ನ ನಗು ನೋಡಿದಳು.

ನನಗೋ ಖುಷಿ ತಡೆಯಲಾಗಲಿಲ್ಲ. "ನಿಮ್ ಬಾವನೂ ಒಡೆದವ್ರಂತೆ ಕಣೆ. ನಿಮ್ಮಕ್ಕ ಅವರನ್ನ ಅಡಿಗೆಮನೆಗೇ ಸೇರಿಸಲ್ವಂತೆ."

ಪ್ರೇಮ ಚೀಲವನ್ನು ಮೆಲ್ಲಗೆ ಕೆಳಗಿಟ್ಟಳು.

"ಅಕ್ಕ ಮಾಡಿರೋದು ಸರಿಯಾಗೇ ಅದೆ," ಎಂದಳು. "ಎಲ್ಲದ್ರಲ್ಲೂ ಬಾವನ ಸಮ ಆಗ್ಬೇಕು ಅಂತಿದ್ರಿ, ಆದ್ರಿ. ಈಗ ಒಸ್ತಿಲು ದಾಟಿ ಈಚೆಗೆ ಬನ್ನಿ."